ಹೊಸ್ತಿಲಲ್ಲಿ ಬಿಸಿಯಾಗುವ ಕೆನ್ನೆ

ಬಸವಕಲ್ಯಾಣ, ಹುಮನಾಬಾದ್ ಕಡೆ ಹೊಸ ಸೊಸೆ ಅಷ್ಟು ಸುಲಭವಾಗಿ ಮನೆ ಹೊಕ್ಕಲಾರಳು. ನಾದಿನಿಯರು ಬಾಗಿಲಿಗೆ ಅಡ್ಡ ನಿಂತಿರುತ್ತಾರೆ: "ಹೆಸರು ಹೇಳ್ರಿ ವೈನಿ, ಇಲ್ಲಂದ್ರ ಒಳಗ ಬಿಡಂಗಿಲ್ಲ!" ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸದ ಸಾಲಿನಲ್ಲಿ, ಹೆಣೆದು ಹೇಳಬೇಕು. ಹುಡುಗಿ ತಲೆ ತಗ್ಗಿಸುತ್ತಾಳೆ, ಸೆರಗು ಎಳೆದುಕೊಳ್ಳುತ್ತಾಳೆ. ಕೆನ್ನೆ, ಕಿವಿ ಬಿಸಿಯಾಗುತ್ತವೆ, ಅಂಗೈ ಮಾತ್ರ ತಣ್ಣಗೆ.

ಎರಡನ್ನೂ ಮಾಡಿಸುವುದು ನಮ್ಮ ಹಿಡಿತಕ್ಕೆ ಸಿಗದ ಸಿಂಪಥೆಟಿಕ್ ನರಗಳೇ. ಎಲ್ಲರ ಕಣ್ಣು ತನ್ನ ಮೇಲಿದೆ ಎಂದು ಮಿದುಳಿಗೆ ಅನ್ನಿಸಿದ್ದೇ ತಡ, ಅವು ಅಂಗೈಯ ರಕ್ತನಾಳಗಳನ್ನು ಬಿಗಿಯುತ್ತವೆ, ಮುಖದವನ್ನು ಸಡಿಲಿಸುತ್ತವೆ. ಮುಖದ ಅಭಿಧಮನಿಗಳ ಗೋಡೆಯಲ್ಲಿ ಬೀಟಾ ಗ್ರಾಹಕಗಳಿವೆ. ಅಡ್ರಿನಲಿನ್ ತಾಗಿದರೆ ಇವು ನಾಳವನ್ನು ಹಿಗ್ಗಿಸುತ್ತವೆ. ಕೆನ್ನೆಯಲ್ಲಿ ಸೂಕ್ಷ್ಮ ನಾಳಗಳು ದಟ್ಟವಾಗಿ, ಮೇಲ್ಪದರಕ್ಕೆ ಹತ್ತಿರವಾಗಿ ಇರುವುದರಿಂದ ನುಗ್ಗಿದ ರಕ್ತ ಬೇಗ ತೋರುತ್ತದೆ. ಸಿಟ್ಟು ಬಂದಾಗಲೂ ಮುಖಕ್ಕೆ ರಕ್ತ ಏರುತ್ತದೆ. ಭಯದ್ದು ಬೇರೆ ದಾರಿ: ನಾಳಗಳು ಕುಗ್ಗಿ ಮುಖ ಬಿಳಚಿಕೊಳ್ಳುತ್ತದೆ, ಮೂಗಿನ ತುದಿ ತಂಪಾಗುತ್ತದೆ. ಶಾಖ ಗುರುತಿಸುವ ಕ್ಯಾಮೆರಾದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಮದುವೆ ಮೇ ತಿಂಗಳದ್ದಾದರೆ ಬೀದರ್ ಜಿಲ್ಲೆಯ ಬಿಸಿಲೂ ಸೇರಿಕೊಳ್ಳುತ್ತದೆ. ಆರಾಮಾಗಿ ಕೂತಾಗ ಇಡೀ ಚರ್ಮದಲ್ಲಿ ನಿಮಿಷಕ್ಕೆ ಸುಮಾರು ಕಾಲು ಲೀಟರ್ ರಕ್ತ ಹರಿಯುತ್ತದೆ. ದೇಹ ವಿಪರೀತ ಕಾದಾಗ ಅದು 6ರಿಂದ 8 ಲೀಟರ್‌ವರೆಗೂ ಏರಬಲ್ಲದು. ಜರತಾರಿ ಸೀರೆ, ಜನಜಂಗುಳಿ, ಸೆಕೆಯ ನಡುವೆ ಆಕೆಯ ಮುಖ ಮೊದಲೇ ಕಾದಿರುತ್ತದೆ. ನಾಚಿಕೆ ಎಷ್ಟು, ಸೆಕೆ ಎಷ್ಟು ಎಂದು ನಾದಿನಿಯರಿಗೆ ತಿಳಿಯುವುದು ಕಷ್ಟ.

ಕೆಂಪೇರುವುದು ಬಿಳಿಯರಿಗೆ ಮಾತ್ರ, ಕಪ್ಪು ಮೈಬಣ್ಣದವರಿಗಲ್ಲ ಎಂಬ ನಂಬಿಕೆ ಇನ್ನೂ ಇದೆ. ಅದು ತಪ್ಪು. 1872ರಲ್ಲಿ ಡಾರ್ವಿನ್ ಭಾವಾಭಿವ್ಯಕ್ತಿಯ ಕುರಿತ ತನ್ನ ಪುಸ್ತಕದಲ್ಲಿ ಮುಖ ಕೆಂಪೇರುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟು, ಕಪ್ಪು ಚರ್ಮದವರ ವಿಚಾರವನ್ನೂ ಚರ್ಚಿಸಿದ್ದ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪೀಟರ್ ಡ್ರಮಂಡ್ ಅವರ ತಂಡ ಭಾರತೀಯರನ್ನೂ ಬಿಳಿಯರನ್ನೂ ಕರೆಸಿ, ಪಾಪ, ಮಕ್ಕಳ ಹಾಡು ಹಾಡಿಸಿ ಮುಖದ ರಕ್ತಹರಿವನ್ನು ಅಳೆಯಿತು. ಮುಜುಗರದ ಹೊತ್ತಿಗೆ ಇಬ್ಬರಲ್ಲೂ ಹರಿವು ಏರಿತ್ತು. ರಕ್ತನಾಳಗಳ ಮೇಲಿನ ಪದರದಲ್ಲಿರುವ ಮೆಲನಿನ್ ಕೆಂಪನ್ನು ಮರೆಮಾಡುತ್ತದೆ, ಅಷ್ಟೇ. ಬಿಸಿ ಅನುಭವವಾಗದೇ ಇರುವುದಿಲ್ಲ.

ನನಗೆ ಹೆಚ್ಚು ಕುತೂಹಲದ್ದು ಇನ್ನೊಂದು ಸಂಗತಿ. "ನೋಡು, ಮುಖ ಕೆಂಪಾಯ್ತು" ಎಂದು ಯಾರಾದರೂ ಹೇಳಿದರೆ ಸಾಕು, ಇಲ್ಲದ ಕೆಂಪೂ ಬರುತ್ತದೆ. ಹಾಗಾಗಿ ನಾದಿನಿಯರಲ್ಲಿ ಒಂದು ವಿನಂತಿ: ಒಡಪು ಕೇಳಿರಿ, ಕೆನ್ನೆಯ ಬಣ್ಣ ಹೇಳಬೇಡಿ. ಆದರೆ ಮುಖದ ಒಂದೇ ಪಕ್ಕ ಕೆಂಪೇರಿ ಬೆವತು, ಇನ್ನೊಂದು ಪಕ್ಕ ಒಣಗಿಯೇ ಉಳಿದರೆ ಅದು ನರದ ತೊಂದರೆ ಇರಬಹುದು, ವೈದ್ಯರಿಗೆ ತೋರಿಸಬೇಕು.