ಹೊಟ್ಟೆಯ ಹಸಿವು, ಬಾಯಿಯ ಚಪಲ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆದು ನಾನು ಪೂರ್ತಿ ಮಾರ್ಕ್ ತೆಗೆದಿದ್ದೆ. ಆದರೆ ನನಗೇ ಊಟ ಮಾಡಲು ಗೊತ್ತಿಲ್ಲ ಎಂದು ತಿಳಿದದ್ದು ಈ ವರ್ಷ.

ಜುಲೈ ತಿಂಗಳಲ್ಲಿ ಬೆಳಗ್ಗಿನ ಪ್ರಾರ್ಥನೆಗೆ ನಿಂತಿದ್ದಾಗ ಕಣ್ಣು ಕತ್ತಲೆ ಬಂದು ನಾನು ಕೂತುಬಿಟ್ಟೆ. ನೀವೆಲ್ಲ ನೋಡಿದ್ದೀರಿ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.6 ಇತ್ತು. ನಮ್ಮ ವಯಸ್ಸಿಗೆ 12 ಆದರೂ ಇರಬೇಕಂತೆ. ಡಾಕ್ಟರು "ಬೆಳಿಗ್ಗೆ ಎಂತ ತಿಂದದ್ದು?" ಎಂದು ಕೇಳಿದರು. "ಚಾ, ಬಿಸ್ಕೆಟ್" ಎಂದೆ. ಅಮ್ಮ ನನ್ನ ಮುಖ ನೋಡಿದರು. ಅವರು ಏಳು ಗಂಟೆಗೇ ಕೆಲಸಕ್ಕೆ ಹೋಗುವಾಗ ದಿನಾ ಗಂಜಿ ಮಾಡಿಟ್ಟು ಹೋಗುತ್ತಿದ್ದರು. ನಾನು ಅದನ್ನು ನಾಯಿಗೆ ಹಾಕಿ ಬರುತ್ತಿದ್ದೆ. ಸಂಜೆ ಅಂಗಡಿಯಲ್ಲಿ ಹತ್ತು ರೂಪಾಯಿಯ ಚಿಪ್ಸ್. ಪೆನ್ನಿಗೆ ಎಂದು ಕೇಳಿ ತೆಗೆದುಕೊಂಡ ಹಣ ಅದು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಚಪಲ ಯಾಕೆ ಬರುತ್ತದೆ? ಬೆಳಿಗ್ಗೆ ಹೊಟ್ಟೆ ಖಾಲಿ ಇದ್ದರೆ ಸಂಜೆ ಸಿಹಿ, ಉಪ್ಪು, ಎಣ್ಣೆಯ ತಿಂಡಿಯೇ ಬೇಕೆನಿಸುತ್ತದೆ. ದಿನಾ ಒಂದೇ ಹೊತ್ತಿಗೆ ತಿಂದರೆ ಆ ಹೊತ್ತಿಗೆ ಹಸಿವೆ ಇಲ್ಲದಿದ್ದರೂ ಬಾಯಲ್ಲಿ ನೀರು ಬರುತ್ತದೆ. ಅದೇ ಅಭ್ಯಾಸ.

ನಾನು ಈಗ ಪಾಲಿಸುವ ಕ್ರಮಗಳು:

1. ಬೆಳಿಗ್ಗೆ ಗಂಜಿ ಬಿಡಬಾರದು. ನಮ್ಮ ಕುಚ್ಚಲಕ್ಕಿ ಬಡವರ ಅಕ್ಕಿ ಎಂದು ನಾಚಿಕೆ ಬೇಡ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ಹೊರಗಿನ ವಿಟಮಿನ್ ಸ್ವಲ್ಪ ಅಕ್ಕಿಯ ಒಳಗೆ ಸೇರುತ್ತದೆ. ಜೊತೆಗೆ ತಿಮರೆ ಚಟ್ನಿ ಅಥವಾ ಹೆಸರುಕಾಳಿನ ಪಲ್ಯ ಇದ್ದರೆ ಸಾಕು.

2. ಊಟದ ಜೊತೆ ಚಾ ಬೇಡ. ಊಟದಲ್ಲಿರುವ ಕಬ್ಬಿಣದ ಅಂಶ ರಕ್ತಕ್ಕೆ ಸೇರುವುದನ್ನು ಚಾ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಬಹುದು. ನಿಂಬೆಹುಳಿ, ನೆಲ್ಲಿಕಾಯಿ, ಪೇರಳೆ ತಿಂದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಬಸಳೆ, ಹರಿವೆ, ಹುರುಳಿ, ಮೀನು ತಿನ್ನಬೇಕು. ಬೂತಾಯಿ ಅಗ್ಗಕ್ಕೆ ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಹಬ್ಬ.

3. ಶಾಲೆಯ ಬಿಸಿಯೂಟ, ಮೊಟ್ಟೆ, ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಬಿಡಬಾರದು. ಮಾತ್ರೆಯನ್ನು ಕಿಟಕಿಯಿಂದ ಬಿಸಾಡುವವರು ನಮ್ಮ ತರಗತಿಯಲ್ಲೇ ಇದ್ದಾರೆ. ಹೆಸರು ಬರೆಯುವುದಿಲ್ಲ. ಮೊದಲು ನಾನೂ ಬಿಸಾಡಿದವಳೇ. ಖಾಲಿ ಹೊಟ್ಟೆಗೆ ನುಂಗಿದರೆ ಓಕರಿಕೆ ಬರಬಹುದು, ಊಟದ ನಂತರ ನುಂಗಿ.

4. ಬಾಟಲಿಯ ಹಿಂಬದಿ ಓದಿ. ನಾನು ಓದಿದ ಒಂದು ಜ್ಯೂಸಿನಲ್ಲಿ 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಎಂದಿತ್ತು. 250 ಮಿ.ಲೀ. ಕುಡಿದರೆ 25 ಗ್ರಾಂ, ಅಂದರೆ ಸುಮಾರು ಆರು ಚಮಚ! ಇಡೀ ದಿನಕ್ಕೆ ಅಷ್ಟರೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಮಜ್ಜಿಗೆ ಅಥವಾ ಸಕ್ಕರೆ ಕಡಿಮೆ ಹಾಕಿದ ಪುನರ್ಪುಳಿ ಶರಬತ್ತು ಸಾಕು.

5. ಚಪಲ ಬಂದರೆ ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಕಾಯಿರಿ. ಹಸಿವೆ ಆದರೆ ಗಂಜಿಯೂ ರುಚಿ ಎನಿಸುತ್ತದೆ. ಚಿಪ್ಸೇ ಬೇಕು ಎನಿಸಿದರೆ ಅದು ಚಪಲ. ಸಂಜೆಗೆ ಹುರಿದ ನೆಲಗಡಲೆ ಚೀಲದಲ್ಲಿ ಇಟ್ಟುಕೊಳ್ಳಿ.

ಎಲ್ಲವನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ. ಜನವರಿಯಲ್ಲಿ ನಮ್ಮ ಬಿಕರ್ನಕಟ್ಟೆಯ ಬಾಲಯೇಸು ಹಬ್ಬಕ್ಕೆ ಹೋಗಿ ಒಂದು ಐಸ್‌ಕ್ರೀಮ್ ತಿಂದರೆ ತೊಂದರೆ ಇಲ್ಲ. ದಿನಾ ಹಬ್ಬ ಮಾಡಿದರೆ ತೊಂದರೆ.

ಡಾಕ್ಟರು ಕೊಟ್ಟ ಮಾತ್ರೆ, ಮನೆಯ ಊಟ ಎರಡೂ ಸೇರಿ ಮೂರು ತಿಂಗಳಲ್ಲಿ ನನ್ನ ಹಿಮೋಗ್ಲೋಬಿನ್ 11.1 ಆಗಿದೆ. ಇನ್ನೂ 12 ಆಗಿಲ್ಲ. ಕಳೆದ ವಾರ ಒಮ್ಮೆ ಚಿಪ್ಸ್ ತಿಂದೆ, ಸುಳ್ಳು ಹೇಳುವುದಿಲ್ಲ. ಆದರೆ ಗಂಜಿ ಒಂದು ದಿನವೂ ಬಿಟ್ಟಿಲ್ಲ. ಈಗ ನಾಯಿಗೆ ಮೀನಿನ ಮುಳ್ಳು ಮಾತ್ರ.

– 7ನೇ ತರಗತಿಯ ವಿದ್ಯಾರ್ಥಿನಿ