ಎಳೆಯರ ರೈಫಲ್‌ಗೆ ಗುರಿ ಕಲಿಸುವವರು

ಜಿಂಕೆ ಬೇಟೆಯ ಋತು ಹತ್ತಿರವಾದಂತೆ ಅಮೆರಿಕದ ಸಣ್ಣ ಊರುಗಳ ಗನ್‌ಸ್ಮಿತ್‌ಗಳಿಗೆ, ಅಂದರೆ ಬಂದೂಕು ರಿಪೇರಿಯ ಕಸುಬಿನವರಿಗೆ, ಪುರುಸೊತ್ತಿರುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಂತೂ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ಎಷ್ಟೋ ಶಾಲೆಗಳು ರಜೆ ಕೊಡುವ ರೂಢಿ ಬೇಟೆಯ ಕಾರಣಕ್ಕೇ ಬೆಳೆದದ್ದು. ಅಪ್ಪನೋ ಅಜ್ಜನೋ ಮಗುವಿನ ರೈಫಲ್ ತಂದು ಅಂಗಡಿಯ ಮೇಜಿನ ಮೇಲಿಟ್ಟು ಹೇಳುವ ದೂರು ಸಾಮಾನ್ಯವಾಗಿ ಒಂದೇ: ಗುಂಡು ಒಂದು ಕಡೆ ಬೀಳುತ್ತಿಲ್ಲ.

ಇದನ್ನು ಅಳೆಯುವ ಕ್ರಮ ಸರಳ. ನೂರು ಗಜ ದೂರದ ಕಾಗದಕ್ಕೆ ಮೂರೋ ಐದೋ ಗುಂಡು ಹೊಡೆದು, ತೀರಾ ದೂರದ ಎರಡು ತೂತುಗಳ ಅಂತರ ನೋಡುತ್ತಾರೆ. ಒಂದು ಇಂಚಿನೊಳಗಿದ್ದರೆ ಭೇಷ್. ಎರಡಿಂಚಾದರೂ ಜಿಂಕೆ ಬೇಟೆಗೆ ಸಾಕು. ಐದಾರು ಇಂಚು ಚದುರಿದರೆ ಪ್ರಾಣಿ ಬರೀ ಗಾಯಗೊಂಡು ಓಡಿಹೋಗುವ ಅಪಾಯವುಂಟು. ಗುಂಡುಗಳೆಲ್ಲ ಒತ್ತಾಗಿ ಬಿದ್ದು, ಬಿದ್ದ ಜಾಗ ಮಾತ್ರ ಪಕ್ಕಕ್ಕೆ ಸರಿದಿದ್ದರೆ ಚಿಂತೆಯಿಲ್ಲ, ರೈಫಲ್ ಮೇಲಿನ ದುರ್ಬೀನಿನ ತಿರುಪು ತಿರುಗಿಸಿದರೆ ಆಯಿತು. ತೊಂದರೆ ಇರುವುದು ಚದುರುವಿಕೆಯಲ್ಲಿ. 1972ರ ವನ್ಯಜೀವಿ ಕಾಯ್ದೆಯ ನಂತರ ಕಾನೂನುಬದ್ಧ ಬೇಟೆ ನಮ್ಮಲ್ಲಿ ಬಹುಮಟ್ಟಿಗೆ ನಿಂತುಹೋಗಿದೆ. ಆದರೂ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವರಿಗೆ ಈ ಲೆಕ್ಕಾಚಾರ ಹೊಸದಲ್ಲ.

ಎಳೆಯರ ರೈಫಲ್ ದೊಡ್ಡವರದ್ದರ ಗಿಡ್ಡ ರೂಪ. ಭುಜಕ್ಕೆ ಊರುವ ತುದಿಯಿಂದ ಟ್ರಿಗರ್‌ವರೆಗೆ ದೊಡ್ಡವರಿಗೆ ಸುಮಾರು ಹದಿಮೂರೂವರೆ ಇಂಚು ಬೇಕಾದರೆ ಇಲ್ಲಿ ಹನ್ನೆರಡೂವರೆಯ ಆಸುಪಾಸು. ನಳಿಗೆ ಚಿಕ್ಕದು, ತೂಕ ಕಡಿಮೆ, ಬೆಲೆಯೂ ಕಡಿಮೆ. ಬೆಲೆ ಇಳಿಸಲು ಮರದ ಬದಲು ತೆಳು ಪ್ಲಾಸ್ಟಿಕ್ ಹಿಡಿ ಹಾಕುತ್ತಾರೆ. ತೂಕ ಇಳಿದಷ್ಟೂ ಹಿಂದೊದೆತ ಏರುತ್ತದೆ. ಆ ಒದೆತ ತಿನ್ನುವುದು ಎಳೆಯ ಭುಜ.

ಆದ್ದರಿಂದ ಅನುಭವಿ ಗನ್‌ಸ್ಮಿತ್ ಉಪಕರಣದ ಪೆಟ್ಟಿಗೆಗೆ ಕೈಹಾಕುವ ಮೊದಲು ಹೊಡೆಯುವವರ ಮೇಲೆ ಕಣ್ಣಿಡುತ್ತಾನೆ. ಮರಳು ಚೀಲದ ಮೇಲೆ ರೈಫಲ್ ಊರಿ ತಾನೇ ಹೊಡೆದು ನೋಡುತ್ತಾನೆ. ಅವನ ಕೈಯಲ್ಲಿ ಗುಂಡು ಒಂದೆಡೆ ಬಿದ್ದರೆ ರೈಫಲ್ ನಿರಪರಾಧಿ. ಆಮೇಲೆ ನಿಜವಾದ ತೋಟೆಗಳ ನಡುವೆ ಮಗುವಿಗೆ ಗೊತ್ತಾಗದಂತೆ ಒಂದು ಡಮ್ಮಿ ತೋಟೆ ಸೇರಿಸಿಡುತ್ತಾರೆ. ಟ್ರಿಗರ್ ಎಳೆದಾಗ ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಗೆ ಗಕ್ಕನೆ ತಗ್ಗಿದರೆ ಕಾರಣ ಸ್ಪಷ್ಟ: ಮಗು ಒದೆತಕ್ಕೆ ಹೆದರಿ ಮೊದಲೇ ಬೆಚ್ಚುತ್ತಿದೆ. ಅದಕ್ಕೆ ಮದ್ದು ಹಗುರ ಮದ್ದಿನ ತೋಟೆ, ಭುಜಕ್ಕೆ ಮೆತ್ತನೆಯ ರಬ್ಬರ್, ಕಿವಿಗೆ ಒಳ್ಳೆಯ ರಕ್ಷಣೆ.

ಮಗುವಿನ ತಪ್ಪಲ್ಲವೆಂದು ಖಾತ್ರಿಯಾದ ಮೇಲೆ ರೈಫಲ್‌ನ ಸರದಿ. ಇಲ್ಲಿ ಕಸುಬಿನ ನಿಯಮ ಎರಡು: ಅಗ್ಗದ ಅನುಮಾನ ಮೊದಲು, ಒಂದು ಸಲಕ್ಕೆ ಒಂದೇ ಬದಲಾವಣೆ. ದುರ್ಬೀನಿನ ಪಟ್ಟಿಯ ತಿರುಪು, ಹಿಡಿಯನ್ನು ಬಿಗಿದಿರುವ ತಿರುಪು ಸಡಿಲವಾಗಿವೆಯೇ? ಚೆನ್ನಾಗಿದೆಯೆಂದು ಗೊತ್ತಿರುವ ಬೇರೆ ದುರ್ಬೀನು ಕೂರಿಸಿದರೆ ಗುಂಡುಗಳು ಒಟ್ಟುಗೂಡುತ್ತವೆಯೇ? ನಳಿಗೆಯೊಳಗೆ ತಾಮ್ರ ಅಂಟಿದೆಯೇ? ಅಮೋನಿಯಾ ಬೆರೆತ ದ್ರಾವಣದಲ್ಲಿ ಅದ್ದಿದ ಬಟ್ಟೆಚೂರು ನೀಲಿಯಾಗಿ ಹೊರಬಂದರೆ ಇದೆ ಎಂದರ್ಥ. ಬಳಿಕ ಒಂದು ನೋಟನ್ನು ನಳಿಗೆಗೂ ಹಿಡಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯುತ್ತಾರೆ. ಎಲ್ಲಾದರೂ ಸಿಕ್ಕಿಕೊಂಡರೆ ಆ ಜಾಗದಲ್ಲಿ ಪ್ಲಾಸ್ಟಿಕ್ ನಳಿಗೆಗೆ ತಾಗುತ್ತಿದೆ. ಗುಂಡು ಹಾರುವಾಗ ನಳಿಗೆ ಅದುರುತ್ತದೆ. ಆ ಅದುರು ಪ್ರತಿಸಲ ಒಂದೇ ಬಗೆಯಲ್ಲಿರಬೇಕು. ಒಮ್ಮೆ ತಾಗಿ ಒಮ್ಮೆ ತಾಗದಿದ್ದರೆ ಗುಂಡು ಚದುರುತ್ತದೆ. ತಾಗುವ ಭಾಗವನ್ನು ಉಜ್ಜಿ ತೆಗೆದು, ಯಂತ್ರಭಾಗ ಕೂರುವ ಕುಳಿಗೆ ಎಪಾಕ್ಸಿ ತುಂಬಿ ಅಲುಗದಂತೆ ಮಾಡುವುದೇ ‘ಬೆಡ್ಡಿಂಗ್’.

ಇಷ್ಟಾದರೂ ಸರಿಹೋಗದಿದ್ದರೆ ತೋಟೆ ಬದಲಿಸಿ ನೋಡಬೇಕು. ಒಂದೇ ರೈಫಲ್ ಒಂದು ಕಂಪನಿಯ ತೋಟೆಯನ್ನು ಒಪ್ಪಿ ಇನ್ನೊಂದರದ್ದನ್ನು ಒಲ್ಲೆನ್ನುವುದು ಮಾಮೂಲು. ಇದಕ್ಕೊಂದು ಹೆಸರಾಂತ ಕಥೆಯಿದೆ. 1955ರಲ್ಲಿ ವಿಂಚೆಸ್ಟರ್ ಕಂಪನಿ .243, ರೆಮಿಂಗ್ಟನ್ ಕಂಪನಿ .244 ಎಂಬ ತೋಟೆಗಳನ್ನು ಹೊರತಂದವು. ಎರಡರ ಗುಂಡಿನ ದಪ್ಪವೂ ಒಂದೇ. ನಳಿಗೆಯೊಳಗಿನ ಸುರುಳಿ ಗೀರು ಗುಂಡನ್ನು ಬುಗುರಿಯಂತೆ ತಿರುಗಿಸುತ್ತದೆ. ವಿಂಚೆಸ್ಟರ್‌ನ ಗೀರು ಹತ್ತು ಇಂಚಿಗೆ ಒಂದು ಸುತ್ತು, ರೆಮಿಂಗ್ಟನ್‌ನದು ಹನ್ನೆರಡು ಇಂಚಿಗೆ ಒಂದು. ನಿಧಾನದ ಆ ಸುತ್ತು ಹಗುರ ಗುಂಡಿಗೆ ಸಾಕಾಗುತ್ತಿತ್ತು. ಜಿಂಕೆ ಬೇಟೆಗಾರರು ಬಯಸಿದ ನೂರು ಗ್ರೇನ್‌ನ, ಅಂದರೆ ಸುಮಾರು ಆರೂವರೆ ಗ್ರಾಂನ ಉದ್ದ ಗುಂಡನ್ನು ನೆಟ್ಟಗೆ ಹಾರಿಸುವ ಭರವಸೆ ಅದಕ್ಕಿರಲಿಲ್ಲ. ರೆಮಿಂಗ್ಟನ್ 1963ರಲ್ಲಿ ಒಂಬತ್ತು ಇಂಚಿನ ಸುತ್ತಿಟ್ಟು, 6 ಎಂಎಂ ಎಂದು ಹೆಸರು ಬದಲಿಸಿ ಮತ್ತೆ ತಂದರೂ ಮಾರುಕಟ್ಟೆ ಆಗಲೇ ಕೈಜಾರಿತ್ತು. ಒದೆತ ಕಡಿಮೆಯಿರುವ .243 ಎಳೆಯರ ರೈಫಲ್‌ಗಳಲ್ಲಿ ಇಂದಿಗೂ ತಳವೂರಿದೆ.

ಈ ವಿದ್ಯೆ ಕಲಿಸುವ ಕಾಲೇಜುಗಳೂ ಇವೆ. ಕೊಲರಾಡೊ ರಾಜ್ಯದ ಟ್ರಿನಿಡಾಡ್ ಊರಿನ ಕಾಲೇಜಿನಲ್ಲಿ ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೇ ಗನ್‌ಸ್ಮಿತ್ ತರಬೇತಿ ಶುರುವಾಯಿತು. ಹಳೆಯ ಸೇನಾ ರೈಫಲ್‌ಗಳು ಎಷ್ಟು ಒತ್ತಡ ತಾಳುತ್ತವೆಂದು ತಿಳಿಯಲು ಬೇಕೆಂದೇ ಅವನ್ನು ಸ್ಫೋಟಿಸಿ ಪರೀಕ್ಷಿಸಿದ ಪಿ.ಒ. ಆಕ್ಲಿ ಅಲ್ಲಿ ಪಾಠ ಹೇಳಿದವರು. ಕ್ಯಾಲಿಫೋರ್ನಿಯಾದ ಸುಸಾನ್‌ವಿಲ್‌ನ ಲ್ಯಾಸನ್ ಕಾಲೇಜೂ ಈ ಕಸುಬಿಗೆ ಹೆಸರಾದದ್ದು. ಲೇತ್ ಯಂತ್ರದಲ್ಲಿ ನಳಿಗೆ ಕೂರಿಸುವುದು, ಗುಂಡು ಹೊರಬೀಳುವ ಬಾಯಿಯ ಅಂಚು ನುಣುಪಾಗಿಸುವುದು, ಮರದ ಹಿಡಿ ಕೆತ್ತುವುದು ಇಂಥ ಕಸುಬಿನ ಪಾಠಗಳು.

ಎಳೆಯರ ರೈಫಲ್ ಮುಂದೆ ಬಂದಾಗ ಮಾತ್ರ ಲೇತ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಹೊಸ ನಳಿಗೆ ಹಾಕಿಸುವ ಖರ್ಚು ಅಗ್ಗದ ರೈಫಲ್‌ನ ಬೆಲೆಯನ್ನೇ ಮೀರೀತು. ಸಡಿಲ ತಿರುಪು ಬಿಗಿದು, ತೋಟೆ ಬದಲಿಸಿ, ಸಣ್ಣ ಬಿಲ್ ಬರೆದು ಕಳುಹಿಸುವ ಗನ್‌ಸ್ಮಿತ್ ಅಂದಿನ ಮಟ್ಟಿಗೆ ಕಡಿಮೆ ಗಳಿಸುತ್ತಾನೆ. ಆದರೆ ಯಾವ ಕೆಲಸ ಬೇಕಿಲ್ಲ ಎಂದು ಹೇಳಬಲ್ಲವನ ಅಂಗಡಿಗೇ ಆ ಮಗು ದೊಡ್ಡದಾದ ಮೇಲೆ ತನ್ನ ಮುಂದಿನ ರೈಫಲ್ ತರುವುದು.