ಬಿಳಿ ಅಂದರೆ ಯಾವ ಬಿಳಿ?

ಮನೆಗೆ ಬಣ್ಣ ಹೊಡೆಸುವ ಮಾತು ಬಂದಾಗ, "ಸುಮ್ಮನೆ ಬಿಳಿ ಹೊಡೆಸಿಬಿಡೋಣ, ತಲೆನೋವಿಲ್ಲ" ಅನ್ನುತ್ತಾರೆ ಗಂಡಸರು. ಶೇಡ್ ಕಾರ್ಡು ಬಿಚ್ಚಿದಾಗಲೇ ತಲೆನೋವು ಶುರು! ಹಾಲು ಬಿಳುಪು, ಕೆನೆ ಬಿಳುಪು, ಮುತ್ತಿನ ಬಿಳುಪು, ದಂತದ ಬಿಳುಪು... ಕಾರ್ಡಿನಲ್ಲಿ ಎಲ್ಲವೂ ಒಂದೇ ಥರ. ಗೋಡೆಗೆ ಬಂದ ಮೇಲೆ ಒಂದು ಹಳದಿ, ಇನ್ನೊಂದು ನೀಲಿ. ಸಾವಿರಾರು ರೂಪಾಯಿ ಸುರಿದು ನಾಲ್ಕೈದು ವರ್ಷ ಅದನ್ನೇ ನೋಡುತ್ತ ಇರಬೇಕಾದವರು ನಾವಲ್ಲವೇ?

ನೀಲಿಯ ಗುಟ್ಟು

ಹಿಂದಿನವರು ಸುಣ್ಣ ಕಲಸುವಾಗ ಬಟ್ಟೆಗೆ ಹಾಕುವ ನೀಲಿಯನ್ನು ಚೂರು ಬೆರೆಸುತ್ತಿದ್ದರು. ಸುಣ್ಣದ ಹಳದಿ ಛಾಯೆ ಅಡಗಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಈಗಿನ ಪೇಂಟಿಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಅದಕ್ಕೆ ತುಸು ಹಳದಿ, ಕೆಂಪು ಅಥವಾ ಕಪ್ಪು ಸೇರಿದರೆ ಬೇರೆ ಬೇರೆ ಬಿಳಿ. ಈ ಒಳಬಣ್ಣ ತಿಳಿಯಬೇಕೇ? ಎರಡು ಮೂರು ಶೇಡುಗಳನ್ನು ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ, ತಾನಾಗಿ ಗೊತ್ತಾಗುತ್ತದೆ.

ಬೆಳಕು, ನೆಲ, ಬಾಗಿಲು

ಉತ್ತರಕ್ಕೆ ಮಾತ್ರ ಕಿಟಕಿಯಿರುವ ಕೋಣೆಗೆ ವರ್ಷದ ಬಹುಪಾಲು ನೇರ ಬಿಸಿಲಿಲ್ಲ. ಒಳಬರುವ ಬೆಳಕು ತುಸು ನೀಲಿ. ಅಲ್ಲಿ ಅಚ್ಚ ಬಿಳಿ ಹೊಡೆದರೆ ಆಸ್ಪತ್ರೆ ವಾರ್ಡಿನ ಕಳೆ. ಕೆನೆ ಬಿಳುಪು ಒಪ್ಪುತ್ತದೆ. ಪಶ್ಚಿಮದ ಕೋಣೆಯಲ್ಲಿ ಇದೇ ಕೆನೆ ಸಂಜೆಯ ಕೆಂಬಿಸಿಲಿಗೆ ಇನ್ನೂ ಹಳದಿಯಾಗುತ್ತದೆ. ಅಲ್ಲಿಗೆ ಅಚ್ಚ ಬಿಳಿ ಅಥವಾ ಬೂದು ಛಾಯೆಯದೇ ಸರಿ.

ರೆಡ್ ಆಕ್ಸೈಡ್ ನೆಲವಿದ್ದರೆ ಗೋಡೆಯ ಕೆಳಭಾಗ ಗುಲಾಬಿಯಾಗಿ ಕಾಣುತ್ತದೆ. ಕಿಟಕಿ ಪಕ್ಕ ಮಾವಿನ ಮರವಿದ್ದರೆ ಹಸಿರು ಇಣುಕುತ್ತದೆ. ಬಲ್ಬಿನ ಪೆಟ್ಟಿಗೆಯನ್ನೂ ಓದಿ: 2700 ಕೆಲ್ವಿನ್ ಅಂತಿದ್ದರೆ ಹಳದಿ ಬೆಳಕು, 6500 ಅಂತಿದ್ದರೆ ನೀಲಿ ಬೆರೆತ ಬಿಳಿ ಬೆಳಕು.

ಬಾಗಿಲ ಚೌಕಟ್ಟಿಗೆ ಅಚ್ಚ ಬಿಳಿ, ಗೋಡೆಗೆ ಕೆನೆ ಹೊಡೆಸಿದರೆ, ಹೊಸ ಗೋಡೆಯೂ ಕೊಳೆ ಹಿಡಿದಂತೆ ಕಾಣಬಹುದು. ಎರಡನ್ನೂ ಜೊತೆಯಲ್ಲೇ ಇಟ್ಟು ಆರಿಸಿ. ಇನ್ನೊಂದು ಮಾತು: ಬಿಳಿ ಆಯಿಲ್ ಪೇಂಟು, ಬೆಳಕು ಬೀಳದ ಬೀರುವಿನ ಹಿಂದೆ, ಕೆಲ ವರ್ಷಗಳಲ್ಲಿ ಹಳದಿ ತಿರುಗುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಮಲ್ಷನ್‌ಗೆ ಆ ಕಾಟ ಕಡಿಮೆ. ಕಣ್ಣು ಮಂಜಾದ ಹಿರಿಯರಿರುವ ಕೋಣೆಗೆ ಹೊಳಪಿಲ್ಲದ ಪೇಂಟು ತನ್ನಿ. ಬಿಸಿಲು ಬಿದ್ದಾಗ ಗೋಡೆ ಕಣ್ಣು ಕುಕ್ಕುವುದಿಲ್ಲ.

ಒಂದು ದಿನದ ಪರೀಕ್ಷೆ

ಮನಸ್ಸಿಗೆ ಬಂದ ಎರಡು ಬಿಳಿಗಳ ಸಣ್ಣ ಡಬ್ಬಿ ತನ್ನಿ. ಎರಡಡಿ ಅಗಲದ ರಟ್ಟಿಗೆ, ಸುತ್ತ ಒಂದು ಬೆರಳಷ್ಟು ಅಂಚು ಬಿಟ್ಟು, ಎರಡು ಕೋಟ್ ಬಳಿಯಿರಿ. ಹಸಿ ಬಣ್ಣ ನಂಬಬೇಡಿ. ಪೂರ್ತಿ ಒಣಗಿದ ಮೇಲೆ ಗೋಡೆಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಮೂರು ಸಲ ನೋಡಿ. ಒಪ್ಪಿಗೆಯಾದರೆ ಬೇಕಾದಷ್ಟನ್ನೂ ಒಂದೇ ಬ್ಯಾಚ್ ನಂಬರಿನದು ತರಿಸಿ. ಶೇಡ್ ನಂಬರನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ತೇಪೆ ಹಾಕಿಸುವಾಗ ಬೇಕಾಗುತ್ತದೆ.

ಯಾವ ಕೋಣೆಗೆ ಎಷ್ಟು ಹೊತ್ತಿಗೆ ಎಂಥ ಬೆಳಕು ಅನ್ನುವುದು, ದಿನವಿಡೀ ಮನೆಯಲ್ಲಿ ಓಡಾಡುವ ನಿಮಗೆ ಗೊತ್ತಿರುವಷ್ಟು ಅಂಗಡಿಯವರಿಗೂ ಗೊತ್ತಿಲ್ಲ, ಪೇಂಟರಿಗೂ ಗೊತ್ತಿಲ್ಲ. ಅವರು ಬ್ರಷ್ ಅದ್ದುವ ಮೊದಲೇ ನಿಮ್ಮ ಮಾತು ಹೇಳಿಬಿಡಿ.